ಇವರು ಸಾರ್ ಆದ ಮೇಲೆ

ಮದುವೆಯಾಗಿ ಮಂಡ್ಯಕ್ಕೆ ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ನಾನು ಅಡುಗೆಮನೆಯಿಂದ ಗಾಬರಿಯಾಗಿ ಓಡಿಬಂದಿದ್ದೆ. ವರಾಂಡದಲ್ಲಿ ಇವರೂ ಇವರ ಗೆಳೆಯರೊಬ್ಬರೂ ಕೈ ಕೈ ಮಿಲಾಯಿಸುತ್ತಾರೇನೋ ಅನ್ನುವ ಹಾಗೆ ಕೂಗಾಡುತ್ತಿದ್ದರು.

"ನಿನ್ ತಲೆ ನೆಟ್ಟಗದೇನ್ಲಾ?"

"ನಂದು ನೆಟ್ಟಗಿದ್ದಿದ್ರೆ ನಿನ್ ಮನೆ ಬಾಗ್ಲಿಗ್ಯಾಕ್ ಬತ್ತಿದ್ದೆ, ಬುಡ್ಲಾ."

ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಅತ್ತೆ ಅಲ್ಲೇ ಮೂಲೆಯಲ್ಲಿ ಕನಕಾಂಬರ ಕಟ್ಟುತ್ತ ಕೂತಿದ್ದರು, ತಲೆ ಕೂಡ ಎತ್ತಲಿಲ್ಲ. "ಎದ್ರುಕೊಬ್ಯಾಡ ಕಣವ್ವ, ಏನೂ ಆಗಿಲ್ಲ. ಮಾತಾಡ್ತಾವ್ರೆ. ಕಾಪಿ ತಕಬಾ ಓಗು" ಎಂದರು.

ನಾನು ಓದಿದ್ದು ಮೈಸೂರಿನ ಕಾನ್ವೆಂಟಿನಲ್ಲಿ. ಅಲ್ಲಿ ದನಿ ಏರಿಸಿದರೆ ತರಗತಿಯ ಹೊರಗೆ ನಿಲ್ಲಿಸುತ್ತಿದ್ದರು. ಇಲ್ಲಿ ದನಿ ಏರಿಸದಿದ್ದರೆ ಏನೋ ಮನಸ್ತಾಪ ಇರಬೇಕು ಅಂದುಕೊಳ್ಳುತ್ತಾರೆ. 'ಲೇ' ಅನ್ನುವುದು ಬೈಗುಳವಲ್ಲ, ನಾನೂ ನೀನೂ ಒಂದೇ ಅನ್ನುವ ಮಾತು ಎಂದು ತಿಳಿಯುವುದಕ್ಕೆ ನನಗೆ ಸಾಕಷ್ಟು ಕಾಲ ಹಿಡಿಯಿತು. ತಿಳಿದ ಮೇಲೆ ಆ ಜಗಳಗಳನ್ನು ಕೇಳುತ್ತ ಅಡುಗೆ ಮಾಡುವುದೇ ಒಂದು ಅಭ್ಯಾಸವಾಯಿತು. ಹೆಚ್ಚುವ ಕೈ ನಿಲ್ಲಿಸಿ ಕೇಳಿದ್ದೂ ಉಂಟು.

ನಮ್ಮ ಕಂಪನಿ ಹುಟ್ಟಿದ್ದು ಅದೇ ವರಾಂಡದಲ್ಲಿ, ಅಂಥ ಜಗಳಗಳಿಂದಲೇ. ಇವರು ಮೊದಲು ಟ್ರ್ಯಾಕ್ಟರ್ ಮಾರುವ ಶೋರೂಮಿನಲ್ಲಿ ಕೆಲಸದಲ್ಲಿದ್ದರು. ಅವತ್ತು ಕೂಗಾಡುತ್ತಿದ್ದ ಆ ಗೆಳೆಯರು ಬೆಸಗರಹಳ್ಳಿಯವರು, ಕಾಲೇಜಿನಲ್ಲಿ ಇವರ ಬೆಂಚಿನವರು, ಊರಲ್ಲಿ ಬಾಡಿಗೆಗೆ ಟ್ರ್ಯಾಕ್ಟರ್ ಓಡಿಸುತ್ತಿದ್ದರು. ಉಳುವುದಕ್ಕೆ ಟ್ರ್ಯಾಕ್ಟರ್ ಬೇಕಾದವರು, ಭತ್ತ ಕುಯ್ಯುವುದಕ್ಕೆ ಮಿಷನ್ನು ಬೇಕಾದವರು ಫೋನಿನಲ್ಲಿ ಹೇಳಿದರೆ ಸಾಕು, ಹತ್ತಿರದಲ್ಲಿ ಯಾರ ಗಾಡಿ ಖಾಲಿ ಇದೆಯೋ ಅದನ್ನು ಹೊಲಕ್ಕೆ ಕಳಿಸಿಕೊಡುವುದು. ಇಷ್ಟೇ ಕೆಲಸ. ಕೇಳಲು ಸುಲಭ. ಆದರೆ ಯಾರ ಹೊಲಕ್ಕೆ ಮೊದಲು, ಯಾರದ್ದು ಆಮೇಲೆ ಅನ್ನುವುದರಲ್ಲೇ ಇಡೀ ಕಂಪನಿ ಇತ್ತು. ಅದನ್ನು ಇವರಿಬ್ಬರೂ ದಿನವೂ ಕೂಗಾಡಿಯೇ ತೀರ್ಮಾನಿಸುತ್ತಿದ್ದರು. ಇವರು ಒಂದು ಹೇಳಿದರೆ ಗೆಳೆಯರು "ಅದು ಆಗಾಕಿಲ್ಲ ಕಣ್ಲಾ" ಅನ್ನುತ್ತಿದ್ದರು. ಯಾಕಾಗಲ್ಲ ಅಂತ ಇವರು, ಆಗಲ್ಲ ಅಂದರೆ ಆಗಲ್ಲ ಅಂತ ಅವರು. ಕೊನೆಗೆ ಇಬ್ಬರೂ ಮೊದಲು ಹೇಳಿರದ ಮೂರನೆಯದೇನೋ ಹೊರಗೆ ಬರುತ್ತಿತ್ತು. ಆಮೇಲೆ ಕಾಫಿ.

ಮದ್ದೂರಿನಲ್ಲಿ ಒಂದು ಆಫೀಸಾಯಿತು, ಆಮೇಲೆ ಮಂಡ್ಯದಲ್ಲೊಂದು. ಹುಡುಗ ಹುಡುಗಿಯರು ಕೆಲಸಕ್ಕೆ ಸೇರಿದರು. ಬೆಂಗಳೂರಿನ ಕೆಲವರು ಇದರಲ್ಲಿ ಹಣ ಹೂಡಲು ಬಂದರು. ಅವರ ಜೊತೆಗೆ ಒಬ್ಬ ಸಲಹೆಗಾರರೂ ಬಂದರು. ತೆಳ್ಳಗೆ, ಬಹಳ ಮೃದುವಾಗಿ ಮಾತಾಡುವವರು. ನೀರು ಕೊಟ್ಟರೂ ಎದ್ದು ನಿಂತು ಥ್ಯಾಂಕ್ಸ್ ಹೇಳುವರು. ಒಂದು ಮೀಟಿಂಗಿನಲ್ಲಿ ಹೊಸ ಹುಡುಗರೆಲ್ಲ ಕೂತಿರುವಾಗ ಗೆಳೆಯರು ಅಭ್ಯಾಸಬಲದಿಂದ "ಲೇ, ಇದ್ಯಾವ್ ಸೀಮೆ ಪ್ಲಾನ್ಲಾ? ಮಿಷನ್ನೇನು ರೆಕ್ಕೆ ಕಟ್ಕಂಡ್ ಆರ್ತದಾ?" ಎಂದರಂತೆ. ಹುಡುಗರು ನಕ್ಕರಂತೆ. ಇವರೂ ನಕ್ಕರಂತೆ. ಸಲಹೆಗಾರರು ಮಾತ್ರ ನಗಲಿಲ್ಲ. ಆಮೇಲೆ ಇವರನ್ನು ಪಕ್ಕಕ್ಕೆ ಕರೆದು, ಕಂಪನಿ ಬೆಳೆಯುವಾಗ ನಾಯಕನ ಮಾತಿಗೆ ಒಂದು ತೂಕ ಇರಬೇಕು, ಎಲ್ಲರೆದುರಿಗೆ ಹೀಗೆ ಕರೆಸಿಕೊಂಡರೆ ನಾಳೆ ಯಾರು ಬೆಲೆ ಕೊಡುತ್ತಾರೆ ಎಂದರಂತೆ.

ಆ ಮಾತು ಇವರ ತಲೆಯೊಳಗೆ ಹೊಕ್ಕಿತು. ಅಲ್ಲಿಂದಾಚೆಗೆ ತಿಂಡಿ ತಿನ್ನುವಾಗಲೂ ಫೋನಿನಲ್ಲಿ ಲೀಡರ್‌ಶಿಪ್ಪಿನ ವಿಡಿಯೋ. ಒಂದು ದಿನ ಯಾರೋ ಕೋಟು ಹಾಕಿಕೊಂಡವನು ಅದರೊಳಗಿಂದ, ಒಳ್ಳೆಯ ನಾಯಕನಾದವನು ಮೊದಲು ಕೇಳಿಸಿಕೊಳ್ಳಬೇಕು ಎಂದು ಹೇಳುತ್ತಿದ್ದ. ನಾನು ದೋಸೆ ಹಿಡಿದು ನಿಂತು "ಇನ್ನೊಂದು ಹಾಕಲಾ?" ಎಂದೆ. ಮತ್ತೆ ಕೇಳಿದೆ. ಇವರು ತಲೆಯಾಡಿಸಿದರು, ಆದರೆ ಕೋಟಿನವನಿಗೆ. ದೋಸೆ ವಾಪಸು ಹಂಚಿಗೇ ಹೋಯಿತು.

ಆ ವಾರವೇ ಗೆಳೆಯರನ್ನು ಮನೆಗೆ ಕರೆಸಿ ಹಾಲ್‌ನಲ್ಲಿ ಕೂರಿಸಿಕೊಂಡು ಹೇಳಿದರು. ವರಾಂಡದಲ್ಲಿ ಅಲ್ಲ, ಒಳಗೆ, ಸೋಫಾದ ಮೇಲೆ. ಅದೇ ನನಗೆ ಸರಿಬರಲಿಲ್ಲ.

"ನೋಡು, ನಾವಿಬ್ಬರೇ ಇರುವಾಗ ಏನಾದ್ರೂ ಕರಿ. ಆಫೀಸಲ್ಲಿ ಮಾತ್ರ ಸ್ವಲ್ಪ... ಹುಡುಗ್ರು ಕಲೀತಾರೆ. ಅಲ್ಲಿ ಲೇ, ಲಾ ಎಲ್ಲ ಬೇಡ. ಎಲ್ಲರಿಗೂ ಒಂದೇ ರೂಲು."

ಗೆಳೆಯರು ಟೀಪಾಯಿಯ ಮೇಲಿದ್ದ ಪ್ಲಾಸ್ಟಿಕ್ ಹೂವನ್ನು ನೋಡುತ್ತಿದ್ದರು. ಅದರ ಒಂದು ಎಸಳನ್ನು ಬೆರಳಲ್ಲಿ ಒರೆಸಿದರು, ಧೂಳಿತ್ತು. "ಮತ್ತೇನಂತ ಕರೀಲಿ?"

"ಎಲ್ಲರೂ ಸಾರ್ ಅಂತಾರೆ."

"ಆಯ್ತು ಬುಡಿ ಸಾರ್" ಎಂದು ಎದ್ದು ನಿಂತರು. 'ಬುಡ್ಲಾ' ಅಲ್ಲ, 'ಬುಡಿ'. ಇವರು ಸಮಾಧಾನವಾಗಿ ನನ್ನ ಕಡೆ ತಿರುಗಿ, "ನೋಡಿದ್ಯಾ, ಹೇಳೋ ರೀತೀಲಿ ಹೇಳಿದ್ರೆ ಅರ್ಥ ಮಾಡ್ಕೊತಾನೆ" ಎಂದರು. ನನಗೆ ಮೈ ಉರಿಯಿತು. ಮೈಸೂರಿನಿಂದ ಬಂದ ನನಗೇ ಗೊತ್ತಾಗಿತ್ತು, ಈ ಸೀಮೆಯಲ್ಲಿ 'ಆಯ್ತು ಬುಡಿ' ಅಂದರೆ ಒಪ್ಪಿಗೆ ಅಲ್ಲ, ನಿನ್ನ ಹತ್ತಿರ ಇನ್ನು ಮಾತಿಲ್ಲ ಅಂತ. ಇದೇ ಮಣ್ಣಲ್ಲಿ ಹುಟ್ಟಿದ ಇವರಿಗೆ ಅದು ಯಾವಾಗ ಮರೆತುಹೋಯಿತು?

ಗೆಳೆಯರು ರೂಲನ್ನು ಬಹಳ ಚೆನ್ನಾಗಿ ಪಾಲಿಸಿದರು. ಆಫೀಸಿನಲ್ಲಿ ಸಾರ್. ಫೋನಿನಲ್ಲಿ ಸಾರ್. ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗಲೂ "ಸಾರ್, ಉಪ್ಪಿನ್‌ಕಾಯಿ ಇತ್ಲಾಗ್ ಕೊಡಿ ಸಾರ್." ಅತ್ತೆ ಮುದ್ದೆ ಮುರಿಯುತ್ತಿದ್ದವರು ಕೈ ನಿಲ್ಲಿಸಿದರು.

"ಯಾರ್ನ್ಲಾ ಸಾರ್ ಅಂತಿರಾದು ನೀನು?"

"ಸಾರ್‌ನೇ ಕಣವ್ವ."

"ಚಡ್ಡಿ ಆಕ್ಕೊಳಕ್ ಬರ್ದೆ ಇರಾಗ್ಲಿಂದ ನೋಡೀವ್ನಿ ನಾನು ಅವ್ನ. ಅವ್ನ್ಯಾವಾಗ್ಲಾ ತಾಸೀಲ್ದಾರ ಆದ?"

ಗೆಳೆಯರು ನಗದೆ, "ಅದು ಆಫೀಸ್ ರೂಲು ಕಣವ್ವ. ಮುದ್ದೆ ಉಣ್ಣಿ ಮೇಡಂ" ಎಂದರು. ಅತ್ತೆ ಜೋರಾಗಿ ನಕ್ಕರು, ನನಗೂ ನಗು ಬಂತು. ಇವರು ಮಾತ್ರ ತಲೆ ತಗ್ಗಿಸಿ ಸಾರು ಕಲಸಿಕೊಂಡರು. ಅವರು ಹೋದ ಮೇಲೆ ಹೇಳಿದೆ, "ರೀ, ಅವರಿಗೆ ನೋವಾಗಿದೆ." ಇವರು "ತಮಾಷೆ ಮಾಡ್ತಾನೆ ಅಷ್ಟೇ. ಇದಕ್ಕೆ ಪ್ರೊಫೆಷನಲ್ ಆಗೋದು ಅಂತಾರೆ, ನಿನಗೆ ಗೊತ್ತಾಗಲ್ಲ" ಎಂದರು. ನನಗೆ ಗೊತ್ತಾಗದ ವಿಷಯಗಳ ಪಟ್ಟಿ ಆ ವರ್ಷ ಬಹಳ ಬೆಳೆಯಿತು.

ಮಳವಳ್ಳಿಯಲ್ಲಿ ಮೂರನೆಯ ಆಫೀಸು ತೆರೆಯುವುದು ಎಂದಾಯಿತು. ಅಲ್ಲಿ ಫೋನ್ ತೆಗೆದುಕೊಳ್ಳುವುದಕ್ಕೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡಿದ್ದರು. "ನೀನು ಕಾನ್ವೆಂಟಲ್ಲಿ ಓದಿದವಳು, ಶನಿವಾರ ಬಂದು ಅವರಿಗೆ ಸ್ವಲ್ಪ ನಯವಾಗಿ ಮಾತಾಡೋದು ಹೇಳಿಕೊಡು" ಎಂದರು ಇವರು. ಹೋದೆ. ಬಸ್ ಸ್ಟ್ಯಾಂಡಿಗೆ ಹತ್ತಿರ, ಮೇಲಿನ ಮಹಡಿ, ಇನ್ನೂ ಪೇಂಟಿನ ವಾಸನೆ. ಅಲ್ಲೊಬ್ಬಳು ಹುಡುಗಿ, ಮುತ್ತತ್ತಿಗೆ ಹೋಗುವ ದಾರಿಯಲ್ಲಿರುವ ಒಂದು ಹಳ್ಳಿಯಿಂದ ಬರುವವಳು, ಕಿವಿಯ ಹಿಂದೆ ಪೆನ್ನು ಸಿಕ್ಕಿಸಿಕೊಂಡಿರುತ್ತಿದ್ದಳು. ಚುರುಕು. ನಾನು ಹೇಳಿಕೊಟ್ಟ ಹಾಗೆ ಒಂದು ಫೋನು ತೆಗೆದು, "ನಮಸ್ಕಾರ, ತಾವು ಯಾರು ಮಾತನಾಡುತ್ತಿರುವುದು ಎಂದು ತಿಳಿಯಬಹುದೇ?" ಎಂದಳು. ಆ ಕಡೆಯ ರೈತ "ಎಲ್ಲಿಗ್ ಬಂದ್ಬುಡ್ತವ್ವ ಪೋನು? ರೇಡಿಯೋಗಾ?" ಎಂದು ಕೇಳಿದ. ಹುಡುಗಿ ಬಾಯಿಗೆ ದುಪ್ಪಟ್ಟ ಅಡ್ಡ ಹಿಡಿದಳು. ನಾನೂ ಪಾಠ ಅಲ್ಲಿಗೇ ನಿಲ್ಲಿಸಿದೆ. "ನಿಂಗೆ ಹೇಗೆ ಬರುತ್ತೋ ಹಾಗೇ ಮಾತಾಡು" ಎಂದೆ. ಇವರಿಗೆ ಮಾತ್ರ ಕ್ಲಾಸು ಚೆನ್ನಾಗಿ ನಡೆಯುತ್ತಿದೆ ಎಂದು ಹೇಳಿದೆ. ಕೇಳುವ ವ್ಯವಧಾನ ಇವರಿಗೂ ಇರಲಿಲ್ಲ.

ಆಫೀಸಿನ ಪೂಜೆ ಸುಗ್ಗಿಯ ಹೊತ್ತಿಗೇ ಬಂತು. ಹಣ ಹೂಡಿದವರು ಬರುತ್ತಾರೆ, ಫೋಟೋ ತೆಗೆಯುತ್ತಾರೆ ಎಂದು ಇವರು ಭತ್ತ ಕುಯ್ಯುವ ಮಿಷನ್ನುಗಳನ್ನೆಲ್ಲ ಆ ವಾರ ಮಳವಳ್ಳಿಗೇ ತರಿಸಿದರು. ಪೂಜೆಯಾದ ಮೇಲೆ ಅವು ಅಲ್ಲಿನ ಗದ್ದೆಗಳಿಗೇ ಇಳಿಯುವುದು ಎಂದು. ಒಂದು ಖಾಲಿ ಜಾಗದಲ್ಲಿ ಸಾಲಾಗಿ ನಿಲ್ಲಿಸಿ, ಚೆಂಡುಹೂವಿನ ಹಾರ ಹಾಕಿ, ಅಡಿಯಲ್ಲಿ ನಿಂಬೆಹಣ್ಣಿಟ್ಟಿದ್ದರು. ನೋಡುವುದಕ್ಕೆ ಚೆನ್ನಾಗಿತ್ತು. ಗೆಳೆಯರು ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು ಎಲ್ಲರಿಗಿಂತ ಹಿಂದೆ ನಿಂತಿದ್ದರು. ಬಂದವರಿಗೆ ಪ್ರಸಾದ ಕೊಡುತ್ತ ಅವರ ಹತ್ತಿರ ಹೋದೆ.

"ನಿಮ್ಮೂರ ಕಡೆ ಕುಯ್ಲು ಇಲ್ವಾ ಈ ವಾರ?"

"ಅದೆ ಕಣಕ್ಕ. ಬತ್ತ ಕಾದ್ ನಿಂತದೆ."

"ಮತ್ತೆ ಮಿಷನ್ನೆಲ್ಲ ಇಲ್ಲೇ ಇದಾವಲ್ಲ?"

"ಸಾರ್ ಇಲ್ಲಿಗೆ ತರ್ಸಿ ಅಂದ್ರು."

"ನೀವೇನಂದ್ರಿ?"

"ಆಯ್ತು ಸಾರ್ ಅಂದೆ" ಎಂದು ಕೊಬ್ಬರಿ ಚೂರೊಂದನ್ನು ಬಾಯಿಗೆ ಹಾಕಿಕೊಂಡರು. ಆ ಮುಖದಲ್ಲಿ ಸಣ್ಣ ನಗು ಇತ್ತು. ಅದನ್ನು ನೋಡಿ ನನಗೆ ಅವರ ಮೇಲೂ ಕೋಪ ಬಂತು. ಇಷ್ಟು ವರ್ಷ ಸಣ್ಣಸಣ್ಣದಕ್ಕೆಲ್ಲ ಕೂಗಾಡಿದ ಮನುಷ್ಯ, ಕೂಗಾಡಲೇಬೇಕಾದ ಹೊತ್ತಿಗೆ ಕೊಬ್ಬರಿ ತಿನ್ನುತ್ತ ನಿಂತಿದ್ದಾರಲ್ಲ ಎಂದು. ಕಾರಿನಲ್ಲಿ ಬರುವಾಗ ಇವರಿಗೆ ಹೇಳಿದೆ. "ಅವನೇ ಒಪ್ಪಿದ್ದಾನೆ. ತೊಂದರೆ ಇದ್ದಿದ್ರೆ ಹೇಳ್ತಿರಲಿಲ್ವಾ?" ಎಂದರು. ಹೇಳುತ್ತಿದ್ದರು, ಮೊದಲಾಗಿದ್ದರೆ.

ಆ ವಾರ ಮೋಡ ಮುಚ್ಚಿಕೊಂಡು ಜಿಟಿಜಿಟಿ ಹಿಡಿಯಿತು. ಬೆಸಗರಹಳ್ಳಿ ಸುತ್ತ ಕುಯ್ಲಿಗೆ ಬಂದಿದ್ದ ಭತ್ತ ಗದ್ದೆಯಲ್ಲೇ ಮಲಗಿತು. ಮಲಗಿದ ಭತ್ತವನ್ನು ಮಿಷನ್ನು ಎತ್ತುವುದು ಕಷ್ಟ, ಆಳು ಹಿಡಿದು ಕುಯ್ಯಿಸಬೇಕು, ಆಳು ಸಿಗುವುದಿಲ್ಲ. ಮಿಷನ್ನಿಗೆ ಹೇಳಿ ಕಾದಿದ್ದವರು ಬೈಕುಗಳಲ್ಲಿ ಸೀದಾ ನಮ್ಮ ಮನೆಗೇ ಬಂದರು. ಇವರು ಮಳವಳ್ಳಿಯಲ್ಲಿದ್ದರು. ಸುದ್ದಿ ಗೊತ್ತಾಗಿ ಗೆಳೆಯರು ಓಡಿಬಂದು ವರಾಂಡದಲ್ಲಿ ಅವರೆದುರಿಗೆ ನಿಂತರು. ಬಂದವರಲ್ಲಿ ಗೆಳೆಯರ ಸ್ವಂತ ಚಿಕ್ಕಪ್ಪನೂ ಇದ್ದರು. ಪಂಚೆಯ ಅಂಚೆಲ್ಲ ಕೆಸರು.

"ನಮ್ಮೋನು ಅಂತ ನಿನ್ ತಾವ್ ಯೋಳಿದ್ದು ಕಣ್ಲಾ ನಾನು, ಕಂಪ್ನಿಗಲ್ಲ. ಯಾವೋನೋ ಆರ ಆಕಿ ಪೋಟೋ ತಗಿಸ್ಕಳನಾ ಅಂದ, ನೀನು ಮಿಷನ್ ಕಳಿಸ್ಬುಟ್ಟೆ. ನಿಂಗೆ ಬಾಯ್ ಇರ್ಲಿಲ್ವೇನ್ಲಾ?"

ಗೆಳೆಯರು ತಲೆ ತಗ್ಗಿಸಿದರು. ಇದು ನನ್ನ ತೀರ್ಮಾನ ಅಲ್ಲ ಎಂದೂ ಅನ್ನಲಿಲ್ಲ. ಅತ್ತೆ ಎಲ್ಲರಿಗೂ ನೀರು ಕೊಡುತ್ತ ಬಂದರು. ಚಿಕ್ಕಪ್ಪ ಲೋಟ ತೆಗೆದುಕೊಳ್ಳಲಿಲ್ಲ. ಈ ಕಡೆ ಮನೆಗೆ ಬಂದವರು ನೀರು ಬೇಡ ಅಂದರೆ ಅದು ದೊಡ್ಡ ಮಾತು. ಗೆಳೆಯರ ಕತ್ತು ಆಗ ಇನ್ನಷ್ಟು ಬಗ್ಗಿದ್ದನ್ನು ನಾನು ಕಿಟಕಿಯಿಂದ ನೋಡಿದೆ.

ಸಂಜೆ ಇವರು ಬಂದವರೇ, ಇನ್ನೂ ವರಾಂಡದಲ್ಲೇ ಕೂತಿದ್ದ ಗೆಳೆಯರಿಗೆ, "ಮೊದಲೇ ಯಾಕೆ ಹೇಳಲಿಲ್ಲ ನೀನು?" ಎಂದರು.

"ನೀವು ಕೇಳ್ಲಿಲ್ವಲ್ಲ ಸಾರ್."

"ಕೇಳಬೇಕೇನ್ಲಾ? ಮೊದಲೆಲ್ಲ ಕೇಳಿದ ಮೇಲೆ ಹೇಳ್ತಿದ್ಯಾ?"

"ಮೊದ್ಲು ಬ್ಯಾರೆ ಸಾರ್" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಗೆಳೆಯರಿಗೆ ಎಲ್ಲವೂ ಗೊತ್ತಿತ್ತು, ಇವರಿಗೆ ಏನೂ ಗೊತ್ತಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಆ ವರ್ಷ ಮಳವಳ್ಳಿಗೆ ಹೋಗುವುದೇ ಬೇಡ ಎಂಬುದು ಗೆಳೆಯರ ಮನಸ್ಸಿನಲ್ಲಿದ್ದದ್ದು. ಅದೂ ತಪ್ಪೇ ಆಗುತ್ತಿತ್ತು, ಅಲ್ಲಿನ ಜನ ಮಿಷನ್ನು ಸಿಗದೆ ಒದ್ದಾಡುತ್ತಿದ್ದರು. ಅವರಿಬ್ಬರಲ್ಲಿ ಒಬ್ಬರಾದರೂ ಪೂರ್ತಿ ಸರಿಯಿದ್ದದ್ದನ್ನು ನಾನು ಕಂಡಿಲ್ಲ. ಜಗಳವಾಡಿದ್ದರೆ ಅರ್ಧ ಮಿಷನ್ನು ಅಲ್ಲಿ, ಅರ್ಧ ಇಲ್ಲಿ ಎಂದಾಗುತ್ತಿತ್ತು. ಜಗಳವೇ ಆಗಲಿಲ್ಲ.

ಇಷ್ಟಾದ ಮೇಲೆ ಇವರು ಕೂತು ಯೋಚಿಸಿ ಒಂದು ಪರಿಹಾರ ಕಂಡುಹಿಡಿದರು. ಅದನ್ನು ನೆನೆಸಿಕೊಂಡರೆ ಈಗಲೂ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ. 'ಮುಕ್ತ ಮಾತಿನ ಶುಕ್ರವಾರ'. ಪ್ರತಿ ಶುಕ್ರವಾರ ಮದ್ದೂರಿನ ಆಫೀಸಿನಲ್ಲಿ ಎಲ್ಲರೂ ಸೇರಿ ಮನಸ್ಸಿನಲ್ಲಿರುವುದನ್ನು ಹೆದರದೆ ಹೇಳಬೇಕು. ಮೊದಲನೆಯ ಶುಕ್ರವಾರಕ್ಕೆ ನಾನೇ ಬೋಂಡ ಮಾಡಿ ಡಬ್ಬಿಗೆ ತುಂಬಿಕೊಂಡು ಹೋದೆ. ಎಲ್ಲರೂ ಸುತ್ತ ಕುರ್ಚಿ ಹಾಕಿಕೊಂಡು ಕೂತರು. ಮಳವಳ್ಳಿಯ ಆ ಹುಡುಗಿಯೂ ಬಂದಿದ್ದಳು. ಇವರು ಕೈ ಅಗಲಿಸಿ, "ಇವತ್ತು ನಾನು ಸಾರ್ ಅಲ್ಲ, ನಿಮ್ಮಲ್ಲೊಬ್ಬ. ನನ್ನ ತಪ್ಪುಗಳನ್ನೇ ಹೇಳಿ" ಎಂದರು.

ಬೋಂಡ ಕಚ್ಚುವ ಸದ್ದಷ್ಟೇ. ಇವರು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದ ಹಾಗೆ ಆ ಮುಖಗಳೆಲ್ಲ ಒಂದೊಂದಾಗಿ ನೆಲಕ್ಕೆ ತಿರುಗಿದವು. ಗೆಳೆಯರ ಸರದಿ ಬಂದಾಗ "ಎಲ್ಲಾ ಚೆನ್ನಾಗದೆ ಸಾರ್" ಎಂದರು. ಕೊನೆಗೆ ಒಬ್ಬ ಹುಡುಗ ಎದ್ದು ನಿಂತು ಕೈ ಕಟ್ಟಿಕೊಂಡು, "ಆ ಫ್ಯಾನು ಒಸಿ ಸದ್ ಮಾಡ್ತದೆ ಸಾರ್" ಎಂದ.

ಇವರಿಗೆ ಆದ ಸಂತೋಷ! ಆಗಲೇ ಫೋನ್ ಮಾಡಿ ಫ್ಯಾನ್ ರಿಪೇರಿಯವರನ್ನು ಕರೆಸಿದರು. ಮನೆಗೆ ಬರುವಾಗ ದಾರಿಯುದ್ದಕ್ಕೂ "ನೋಡಿದ್ಯಾ, ಅವಕಾಶ ಕೊಟ್ರೆ ಮಾತಾಡ್ತಾರೆ" ಎನ್ನುತ್ತಿದ್ದರು. ನಾನು ಖಾಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹೊರಗೆ ಕಬ್ಬಿನ ಗದ್ದೆ ನೋಡುತ್ತ ಕೂತಿದ್ದೆ. ನಾನು ಏನು ಹೇಳಿದರೂ ಅದೂ ಫ್ಯಾನಿನಂಥ ಇನ್ನೊಂದು ದೂರಾಗುತ್ತದೆ, ಅಷ್ಟೇ.

ಆಮೇಲೆ ಒಂದು ಮಧ್ಯಾಹ್ನ ಗೆಳೆಯರು ಅವರೆಕಾಯಿಯ ಚೀಲ ಹಿಡಿದು ಬಂದರು. ಇವರಿಲ್ಲದ ಹೊತ್ತು ನೋಡಿಕೊಂಡೇ ಬಂದಿದ್ದರು. ಅತ್ತೆ ಮುಂದೆ ಚೀಲ ಇಟ್ಟು, ನನಗೆ ಹೇಳಿದರು.

"ಅಕ್ಕ, ಈ ಕುಯ್ಲು ಮುಗುದ್ ಮೇಲೆ ಬುಟ್ಬುಡ್ತೀನಿ ಕಣಕ್ಕ."

"ಏನನ್ನ?"

"ಕಂಪ್ನಿನ."

"ಇವರಿಗೆ ಹೇಳಿದ್ರಾ?"

"ಯೋಳಿದ್ರೆ ಆಯ್ತು ಅಂತಾರೆ. ಈಗ ಅವ್ರೂ ಕಲ್ತವ್ರೆ."

ಅತ್ತೆ ಚೀಲದ ಬಾಯಿ ಬಿಚ್ಚುತ್ತ, "ನನ್ ಮಗ ಏನಾರ ಅಂದ್ನೇನ್ಲಾ?" ಎಂದು ಕೇಳಿದರು.

"ಏನೂ ಅನ್ನಿಲ್ಲ ಕಣವ್ವ. ಅದೇ ಬ್ಯಾಸ್ರ. ಏನಾರ ಅನ್ನಿ ಅಂತ ನಾನೂ ನೋಡ್ದೆ" ಎಂದರು. ಆಮೇಲೆ, ಯಾರ ಮುಖವನ್ನೂ ನೋಡದೆ, "ಚಿಕ್ಕಪ್ಪ ನಮ್ಮನೇಲಿ ನೀರ್ ಕುಡೀತಿಲ್ಲ" ಎಂದರು.

ಅವರು ಹೋದ ಮೇಲೆ ಅತ್ತೆಯೂ ನಾನೂ ಅವರೆಕಾಯಿ ಬಿಡಿಸುತ್ತ ಕೂತೆವು. ಇವರು ಬಂದು ಕೈಕಾಲು ತೊಳೆಯುವಷ್ಟರಲ್ಲೇ ನಾನು ಹೇಳಿಬಿಟ್ಟೆ. ಇವರು ಟವೆಲಿನಲ್ಲಿ ಮುಖ ಒತ್ತಿಕೊಂಡರು. ಟವೆಲು ತೆಗೆದು, "ಅವನಿಗೆ ಒಂದು ದೊಡ್ಡ ಹುದ್ದೆ ಕೊಡೋಣ. ಮೂರು ಆಫೀಸಿಗೂ ಮುಖ್ಯಸ್ಥ ಅಂತ ಕಾರ್ಡ್ ಮಾಡಿಸ್ತೀನಿ" ಎಂದರು.

"ಅವರಿಗೆ ಕಾರ್ಡು ಬೇಡ ರೀ" ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು. "ನಮ್ಮ ಸ್ಕೂಲಲ್ಲಿ ದಿನಾ ಬೆಳಿಗ್ಗೆ ಎಲ್ಲರೂ ಎದ್ದು ನಿಂತು ಯೆಸ್ ಸಿಸ್ಟರ್ ಅಂತಿದ್ವಿ. ಸಿಸ್ಟರ್ ಏನು ಹೇಳಿದ್ರು ಅಂತ ಒಬ್ಬಳಿಗೂ ಗೊತ್ತಿರ್ತಿರಲಿಲ್ಲ. ಹೊಟ್ಟೆನೋವಾದ್ರೂ ಯೆಸ್ ಸಿಸ್ಟರ್. ನಿಮ್ಮ ಆಫೀಸಲ್ಲಿ ಈಗ ನಡೀತಿರೋದು ಅದೇ. ನಿಮಗೆ ಎದುರು ಮಾತಾಡೋಕೆ ಇದ್ದವರು ಒಬ್ಬರು. ಅವರನ್ನೂ ಕೈ ಕಟ್ಟಿ ನಿಲ್ಲಿಸಿದ್ರಿ. ಅವರು ಹೋದ್ರೆ ನಿಮಗೆ ಫ್ಯಾನಿನ ಸುದ್ದಿ ಬಿಟ್ಟು ಬೇರೇನೂ ಬರಲ್ಲ."

ಅತ್ತೆ ಅವರೆಕಾಳಿನ ಮೊರ ಕುಲುಕುತ್ತಿದ್ದವರು ನಿಲ್ಲಿಸಿದರು. ಇವರು ಟವೆಲನ್ನು ನಿಧಾನವಾಗಿ ಮಡಿಸಿದರು. ಅರ್ಥವಾಯಿತು ಎಂದುಕೊಂಡೆ. ಕೊನೆಗೆ ಗಂಭೀರವಾಗಿ, "ಹಾಗಾದ್ರೆ ಅವನು ನನ್ನ ಲೇ ಅಂತಾನೇ ಕರೀಲಿ. ಹೋಗಿ ಹೇಳಿಬಿಡ್ತೀನಿ" ಎಂದರು.

ನಾನು ಹಣೆಗೆ ಕೈಯಿಟ್ಟುಕೊಂಡೆ. ಅತ್ತೆ "ಸಿವನೇ" ಎಂದು ಮೊರ ಎತ್ತಿಕೊಂಡು ಒಳಗೆ ಹೋದರು.

ಭಾನುವಾರ ಬೆಳಿಗ್ಗೆ ಬೆಸಗರಹಳ್ಳಿಗೆ ಹೋದೆವು. ನಾನೂ ಬರುತ್ತೇನೆ ಎಂದು ಹಟ ಹಿಡಿದು ಹೋದೆ. ಗೆಳೆಯರು ಮನೆಯ ಮುಂದೆ ಟ್ರ್ಯಾಕ್ಟರ್ ತೊಳೆಯುತ್ತಿದ್ದರು. ಎದುರು ಮನೆಯ ಜಗುಲಿಯ ಮೇಲೆ ಚಿಕ್ಕಪ್ಪ, ಅವರ ಸುತ್ತ ಊರಿನ ಇನ್ನೂ ಕೆಲವರು ಬಿಸಿಲು ಕಾಯಿಸುತ್ತ ಕೂತಿದ್ದರು. ನಮ್ಮ ಕಾರು ನಿಂತದ್ದೇ ಅಲ್ಲಿ ಮಾತು ನಿಂತಿತು.

ಇವರು ನೇರ ಗೆಳೆಯರ ಹತ್ತಿರ ಹೋಗಿ ಹೇಳಿಯೇ ಹೇಳಿದರು, "ನೋಡು, ನಾಳೆಯಿಂದ ನೀನು ನನ್ನ ಲೇ ಅಂತಾನೇ ಕರಿಬೇಕು."

"ಆಯ್ತು ಸಾರ್" ಎಂದರು ಗೆಳೆಯರು, ಪೈಪಿನ ನೀರು ನಿಲ್ಲಿಸದೆ.

ಒಳಗಿನಿಂದ ಅವರ ಹೆಂಡತಿ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಇವರ ಕಿವಿ ಕೆಂಪಾಯಿತು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ರೀ, ಇಲ್ಲಿ ಅಲ್ಲ, ಅಲ್ಲಿ" ಎಂದು ಎದುರು ಜಗುಲಿಯ ಕಡೆ ನೋಡಿದೆ. ಇವರು ನನ್ನನ್ನು ನೋಡಿದರು, ಜಗುಲಿಯನ್ನು ನೋಡಿದರು. ಅದೊಂದು ಸಲ, ಅದು ಹೇಗೋ, ತಿಳಿಯಿತು. ಬೀದಿ ದಾಟಿ ಹೋಗಿ ಚಿಕ್ಕಪ್ಪನ ಮುಂದೆ ನಿಂತರು.

"ಆವತ್ತು ಏನಾಯ್ತು ಅಂದ್ರೆ, ಕೆಲವು ತಾಂತ್ರಿಕ ಕಾರಣದಿಂದ..."

"ಅದ್ಯಾವೂರ್ ಕಾರ್ಣ?" ಎಂದರು ಚಿಕ್ಕಪ್ಪ. ಪಕ್ಕದಲ್ಲಿದ್ದವರು ನಕ್ಕರು.

ನಾನು ಕಾರಿನ ಬಾಗಿಲು ಹಿಡಿದು ನಿಂತಿದ್ದೆ. ಇವರು ಈಗ ತಿರುಗಿ ಬಂದುಬಿಡುತ್ತಾರೆ ಎಂದೇ ಅಂದುಕೊಂಡೆ. ಬರಲಿಲ್ಲ. ಚಪ್ಪಲಿ ಬಿಟ್ಟು ಜಗುಲಿಯ ಅಂಚಿನಲ್ಲಿ ಕೂತರು. ಕೂತ ಮೇಲೆ ಮಾತೂ ಬೇರೆಯಾಯಿತು.

"ನಾನೇ ಕಣ ಚಿಕ್ಕಪ್ಪ ಮಿಷನ್ ತರ್ಸಿದ್ದು. ಇವನ್ನ ಒಂದ್ ಮಾತ್ ಕೇಳ್ನಿಲ್ಲ. ಪೋಟೋ ಚೆನ್ನಾಗ್ ಬರ್ಲಿ ಅಂತ ಆಸೆ. ನಿಮ್ ಬತ್ತ ಮಲಗಿದ್ದು ನನ್ನಿಂದ. ಇವ್ನಿಂದ ಅಲ್ಲ."

ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು. ಹಿಂದೆ ಪೈಪಿನ ನೀರಿನ ಸದ್ದು ನಿಂತಿತು. ಚಿಕ್ಕಪ್ಪ ಇವರನ್ನು ಮೇಲಿಂದ ಕೆಳಗೆ ನೋಡಿ, "ಬಂತಾ ಮತ್ತೆ, ಚೆನ್ನಾಗಿ?" ಎಂದರು.

"ಏನು?"

"ಪೋಟೋ."

ಇವರು ಇಲ್ಲವೆಂದು ತಲೆಯಾಡಿಸಿದರು. ಚಿಕ್ಕಪ್ಪ ಬೀದಿಯ ಆಚೆ ಕಡೆಗೆ, "ಏನ್ಲಾ ನಿಂತ್ಕಂಡ್ ನೋಡ್ತೀಯ, ಒಂದ್ ಚೊಂಬ್ ನೀರ್ ತತ್ತಾ. ನಂಗೂ ಬೇಕು" ಎಂದು ಕೂಗಿದರು.

ಗೆಳೆಯರು ನೀರು ತಂದರು. ಚೊಂಬು ಕೊಟ್ಟು ಇವರ ಪಕ್ಕದಲ್ಲಿ ಕೂರಲಿಲ್ಲ, ನಿಂತೇ ಮಾತಾಡಿದರು. "ಮದ್ದೂರ್ ಕಡೆ ಮಿಷನ್ನು ಎಲ್ಲಿಗ್ ಓಗ್ಬೇಕು ಅಂತ ನಾನ್ ಯೋಳ್ತೀನಿ. ನೀವಲ್ಲ. ನಾನ್ ಆಗಾಕಿಲ್ಲ ಅಂದ್ರೆ ಆಗಾಕಿಲ್ಲ. ಅಂಗಾದ್ರೆ ಇರ್ತೀನಿ."

"ಅಲ್ಲ, ಆದ್ರೆ..." ಎಂದರು ಇವರು. ನಾನು ಕಾರಿನ ಹತ್ತಿರದಿಂದಲೇ ಇವರ ಮುಖ ನೋಡುತ್ತಿದ್ದೆ. ಆ 'ಆದ್ರೆ'ಯನ್ನು ನುಂಗುವುದಕ್ಕೆ ಇವರಿಗೆ ಬಹಳ ಕಷ್ಟವಾಯಿತು. "ಸರಿ" ಎಂದರು.

ಗೆಳೆಯರು ಇದ್ದಾರೆ, ಹೋಗಲಿಲ್ಲ. ಆದರೆ ಎಲ್ಲವೂ ಮೊದಲಿನ ಹಾಗಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಇವತ್ತಿಗೂ ಇವರನ್ನು ಲೇ ಅನ್ನುವುದಿಲ್ಲ. ಸಾರ್ ಎನ್ನುವುದೂ ಕಡಿಮೆಯಾಗಿದೆ. ಎರಡೂ ಬೇಡವೆಂದು ಹೆಸರಿಲ್ಲದ ಹಾಗೆ ಮಾತಾಡಿಸುತ್ತಾರೆ. ಮದ್ದೂರಿನಿಂದ "ಆಗಾಕಿಲ್ಲ" ಅನ್ನುವ ಫೋನು ಬಂದಾಗೆಲ್ಲ ಇವರು ನನ್ನ ಮುಂದೆ ಗೊಣಗುತ್ತಾರೆ. ಇವರ ಗೊಣಗಾಟ ಕೇಳಿಸಿಕೊಳ್ಳುವುದು ಈಗ ನನ್ನ ಪಾಲಿಗೆ ಬಂದಿದೆ. ಮುಕ್ತ ಮಾತಿನ ಶುಕ್ರವಾರವನ್ನು ಇನ್ನೂ ನಿಲ್ಲಿಸಿಲ್ಲ. ನಿಲ್ಲಿಸಿ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ಬೋಂಡ ಮಾಡುವುದನ್ನು ಮಾತ್ರ ನಿಲ್ಲಿಸಿದ್ದೇನೆ.

ಮೊನ್ನೆ ಇವರು ಊಟಕ್ಕೆ ಕೂತವರು ಎಡಗೈಯಲ್ಲಿ ಫೋನ್ ಒತ್ತಿ, ಸ್ಪೀಕರ್ ಹಾಕಿ, ಮಳವಳ್ಳಿಯ ಆ ಹುಡುಗಿಗೆ ಹೇಳುತ್ತಿದ್ದರು. ಆ ಟ್ರ್ಯಾಕ್ಟರನ್ನು ಅಲ್ಲಿಂದ ತೆಗೆಸಿ ಬೆಳಿಗ್ಗೆ ಇಲ್ಲಿಗೆ ಕಳಿಸು, ಅದಾದ ಮೇಲೆ ಇನ್ನೊಂದು ಕಡೆಗೆ.

"ಆಯ್ತು ಸಾರ್" ಎಂದಳು ಹುಡುಗಿ.

ಇವರು ಫೋನಿಡಲು ಹೋದರು. ಬೆರಳು ಅಲ್ಲೇ ನಿಂತಿತು. ನಾನು ಪಲ್ಯ ಬಡಿಸುತ್ತಿದ್ದೆ, ಬೇಕೆಂದೇ ಅವರ ಮುಖ ನೋಡಲಿಲ್ಲ.

"ಆಯ್ತು ಅಂದ್ರೆ ಏನಮ್ಮ? ಆಗುತ್ತೆ ಅಂತಾನೋ, ಆಗಲ್ಲ ಅಂತಾನೋ?"

ಆ ಕಡೆಯಿಂದ ಬಸ್ ಸ್ಟ್ಯಾಂಡಿನ ಹಾರನ್ನು ಕೇಳಿಸಿತು, ಯಾರೋ ಕುರ್ಚಿ ಎಳೆದದ್ದು ಕೇಳಿಸಿತು.

"ಆಗಾಕಿಲ್ಲ ಸಾರ್" ಎಂದಳು ಸಣ್ಣ ದನಿಯಲ್ಲಿ.

"ಮತ್ತೆ ಮೊದಲೇ ಹೇಳೋಕೆ ಏನು..." ಎಂದು ಇವರು ಶುರುಮಾಡಿದರು. ನಾನು ಪಲ್ಯದ ಪಾತ್ರೆಯನ್ನು ಸ್ವಲ್ಪ ಸದ್ದಾಗುವ ಹಾಗೆ ಕೆಳಗಿಟ್ಟೆ. ಇವರು ನಿಲ್ಲಿಸಿದರು. ಉಸಿರು ಬಿಟ್ಟು, "ಸರಿ ಕಣಮ್ಮ. ಯಾಕಾಗಲ್ಲ, ಏನು ಮಾಡೋಣ, ನೀನೇ ಹೇಳು" ಎಂದರು.

ಅವಳು ಹೇಳತೊಡಗಿದಳು. ಮೊದಲು ತಡವರಿಸಿ, ಆಮೇಲೆ ತನ್ನ ಊರಿನ ಮಾತಿನಲ್ಲೇ, ಉದ್ದಕ್ಕೆ. ತಟ್ಟೆಯಲ್ಲಿ ಮುದ್ದೆ ಆರುತ್ತಿತ್ತು. ಮಧ್ಯೆ ಇವರು ಏನೋ ಹೇಳಲು ಬಾಯಿ ತೆರೆದರು, ಮುಚ್ಚಿದರು. ಮತ್ತೆ ತೆರೆದರು. ನಾನು ಅಲ್ಲೇ ನಿಂತಿದ್ದೆ. ಮುಚ್ಚಿದರು.